ಮಗಳ ಹೆಸರಿನ ಐಸ್ ಅಂಗಣ

"ಕೂತ್ಕೊಳಮ್ಮ. ಕುಡಿದು ಬಂದಿದ್ದೀಯೇನು?"

ಶಾಲೆಯ ಸಭಾಂಗಣದಲ್ಲಿ ಎಲ್ಲರೆದುರು ಕರೆಂಟು ಕಂಪನಿಯ ಕೆಂಡ್ರಿಕ್ ಹಾಗಂದರೂ ನನ್ನಕ್ಕ ವರ್ನಾ ಕೂರಲಿಲ್ಲ. ಅವಳು ಜನ್ಮದಲ್ಲಿ ಕುಡಿದವಳಲ್ಲ.

"ಇನ್ನೊಂದ್ಸಲ ಹೇಳಯ್ಯ. ಯಾರ ಹೆಸರು?"

"ನಿನ್ನ ಮಗಳದ್ದೇ. ನೋರೀನ್ ಐಸ್ ಅಂಗಣ." ಗೋಡೆಗೆ ಅಂಟಿಸಿದ್ದ ಚಿತ್ರ ತೋರಿಸಿದ. "ಇಡೀ ಉತ್ತರ ಮ್ಯಾನಿಟೋಬಾದಲ್ಲಿ ಇಂಥದ್ದು ಇನ್ನೊಂದಿರಲ್ಲ. ಬೇಸಿಗೇಲೂ ಮಕ್ಕಳು ಐಸ್ ಮೇಲೆ ಹಾಕಿ ಆಟ ಆಡ್ಬಹುದು. ನಾವೇ ಕಟ್ಟಿಸಿಕೊಡ್ತೀವಿ. ನೀವು ಸರೋವರದ ತಕರಾರು ಬಿಡ್ಬೇಕು, ಅಷ್ಟೆ."

ಅಷ್ಟೆ. ಅವರ ಆಣೆಕಟ್ಟು ಬರುವ ಮುಂಚೆ ನಮ್ಮ ಕ್ರೀ ಬುಡಕಟ್ಟಿನ ಹಾಡಿಯ ಮಕ್ಕಳಿಗೆ ಸರೋವರವೇ ಅಂಗಣ. ಚಳಿಗಾಲ ಪೂರ್ತಿ ಕಲ್ಲಿನ ಹಾಗೆ ಗಟ್ಟಿ. ಈಗ ಅವರು ಕರೆಂಟು ಬೇಕಾದಾಗೆಲ್ಲ ನೀರು ಬಿಡುತ್ತಾರೆ. ಸರೋವರದ ನೀರು ಇಳಿದು ಮೇಲೆ ಹಿಮಗಡ್ಡೆ, ಕೆಳಗೆ ಟೊಳ್ಳು. ಹೋದ ಚಳಿಗಾಲ ಸ್ಕೇಟು ಕಟ್ಟಿಕೊಂಡು ಹೋದ ನೋರೀನ್ ಆ ಟೊಳ್ಳಿಗೆ ಬಿದ್ದು ಮುಳುಗಿಹೋದಳು. ಹುಡುಗಿಯ ಅಜಾಗರೂಕತೆಯೇ ಕಾರಣ ಎಂದು ಕಂಪನಿ ಕೈತೊಳೆದುಕೊಂಡಿತು.

"ಸೂಳೆಮಕ್ಕಳಾ, ನನ್ ಮಗಳನ್ನ ನುಂಗಿ ಅವಳ ಹೆಸರಲ್ಲೇ ಬಾಯಿ ಒರೆಸ್ಕೋತೀರಾ?"

ಕೆಂಡ್ರಿಕ್ ನಮ್ಮ ಮುಖಂಡನ ಕಡೆ ತಿರುಗಿದ. "ನಿಮ್ಮಂಥೋರಿಗೆ ಒಳ್ಳೇದು ಮಾಡಕ್ಕೆ ಬಂದಿದ್ದೇ ತಪ್ಪು. ಒಪ್ಪಿಗೆ ಇರೋರ ಕೈ ಎತ್ತಿಸಿ, ಬೇಗ ಮುಗಿಸಿ."

ಒಂದೊಂದಾಗಿ ಕೈಗಳು ಮೇಲೆದ್ದವು. ನಾನು ಎತ್ತಲಿಲ್ಲ. ಅಕ್ಕನ ಪಕ್ಕದಲ್ಲಿದ್ದ ಸೈಲಸ್ ಭಾವ, ನೋರೀನಳ ಅಪ್ಪ, ಎತ್ತಿದ.

"ನೀನೂನಾ?" ಅಕ್ಕ ಅವನ ಕಡೆ ತಿರುಗಿದಳು.

"ಅವಳ ಜಡೆಗೆ ಕೊಕ್ಕೆ ಸಿಗಿಸಿ ಮೇಲಕ್ಕೆಳೆದೋನು ನಾನು ಕಣೇ," ಭಾವ ನೆಲ ನೋಡುತ್ತ ಅಂದ. "ಈ ಹುಡುಗೀರು ಬೇಡ ಅಂದ್ರೆ ಕೇಳ್ತಾರಾ? ಆ ಸರೋವರಕ್ಕೇ ಹೋಗ್ತಾರೆ. ಇನ್ನೊಬ್ಬಳನ್ನ ನನ್ ಕೈಲಿ ಎಳಿಯಕ್ಕಾಗಲ್ಲ."

ಅಕ್ಕ ಗೋಡೆಯ ಹತ್ತಿರ ಹೋಗಿ ಚಿತ್ರದ ಮೇಲಿದ್ದ ಮಗಳ ಹೆಸರನ್ನು ಪರ್ರನೆ ಹರಿದುಕೊಂಡಳು.

"ಕಟ್ಟು. ಹೆಸರು ಮಾತ್ರ ಕೊಡಲ್ಲ. ಬರೀಲೇಬೇಕು ಅಂದ್ರೆ ನಿನ್ ಆಣೆಕಟ್ಟಿನ ಮೇಲೆ ಬರಿ. ಹೆಂಗೆ ಸತ್ಲು ಅಂತ್ಲೂ ಬರಿ."

ಹಾಗಂದು ಅಲ್ಲಿಂದಲೇ ತನ್ನ ಕೈಯನ್ನೂ ಎತ್ತಿದಳು.

ಹೊರಗೆ, ನೋರೀನಳ ಜೊತೆ ಆಡುತ್ತಿದ್ದ ಹುಡುಗಿಯರು ಹಾಕಿ ಕೋಲು ಹಿಡಿದು ಕಾಯುತ್ತಿದ್ದರು.

"ಏನಾಯ್ತು ದೊಡ್ಡಮ್ಮಾ? ಸಿಕ್ತಾ?"

"ಸಿಕ್ತು ಕಣ್ರೇ."

ಹೋ ಎಂದು ಕೂಗುತ್ತ ಬಂದು ಎಲ್ಲರೂ ಅವಳನ್ನು ತಬ್ಬಿಕೊಂಡರು. ಅಕ್ಕ ಅವರನ್ನು ಬಳಸಲೂ ಇಲ್ಲ, ಬಿಡಿಸಿಕೊಳ್ಳಲೂ ಇಲ್ಲ.