ಮುನ್ನೂರು ಅಡಿಯ ರಾಕೆಟ್

ಬಸವಕಲ್ಯಾಣದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ನಾಗನಾಥನಿಗೆ ನಲವತ್ತು ದಾಟಿದ ಮೇಲೆ ಹುಚ್ಚು ಹಿಡಿಯಿತು. ಹೊಲ ಕೊಳ್ಳುವ ಹುಚ್ಚೋ ಚುನಾವಣೆಗೆ ನಿಲ್ಲುವ ಹುಚ್ಚೋ ಆಗಿದ್ದರೆ ಜನ ಮರ್ಯಾದೆಯನ್ನಾದರೂ ಕೊಡುತ್ತಿದ್ದರು. ಅವನದು ನೀರಿನ ರಾಕೆಟ್ಟಿನ ಹುಚ್ಚು. ತಂಪು ಪಾನೀಯದ ದೊಡ್ಡ ಬಾಟಲಿಗೆ ಒಂದಿಷ್ಟು ನೀರು ಹಾಕಿ, ತಲೆಕೆಳಗಾಗಿ ನಿಲ್ಲಿಸಿ, ಸೈಕಲ್ ಪಂಪಿನಿಂದ ಗಾಳಿ ಒತ್ತಿ ಕೀಲು ಬಿಟ್ಟರೆ ಅದು ಬುಸ್ಸೆಂದು ಮುಗಿಲಿಗೇರುವುದು. ಭಾನುವಾರ ಬಂತೆಂದರೆ ಮೋರಖಂಡಿ ದಾರಿಯ ಬೀಳು ಹೊಲದಲ್ಲಿ ಇದೇ ಕೆಲಸ. ಎಷ್ಟು ಎತ್ತರ ಹೋಗುತ್ತದೆಂದು ಕೇಳಿದವರಿಗೆಲ್ಲ ಮುನ್ನೂರು ಅಡಿ ಎನ್ನುತ್ತಿದ್ದ. ಅಳೆದಿದ್ದನೇ? ಎಲ್ಲಿಯ ಮಾತು. ಮೊದಲ ಸಲ ಬಾಯಿಗೆ ಬಂದದ್ದು ಮುನ್ನೂರು. ಹತ್ತು ಮಂದಿಗೆ ಹೇಳುವಷ್ಟರಲ್ಲಿ ತಾನೂ ನಂಬಿಬಿಟ್ಟಿದ್ದ.

ಹೆಂಡತಿ ವಿದ್ಯಾವತಿಯ ತವರು ಹುಮನಾಬಾದ್. ೨೦೦೮ರ ದೀಪಾವಳಿಗೆ ಹೋಗಿ ಬಂದವಳು, ತಮ್ಮ ವೀರಭದ್ರನೊಂದಿಗೆ ಮಾತಿಗೆ ಮಾತು ಬೆಳೆದ ಸುದ್ದಿ ತಂದಳು. ವೀರಭದ್ರನಿಗೆ ಅಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿ. ಮಾಮನ ಬಾಟಲಿ ಬೇವಿನ ಗಿಡವನ್ನೂ ದಾಟಲಿಕ್ಕಿಲ್ಲ ಎಂದು ಅವನು ಎಲ್ಲರೆದುರು ನಕ್ಕನಂತೆ. ಎಳ್ಳ ಅಮಾವಾಸ್ಯೆಗೆ ಬಂದು ಅಳೆದೇ ತೋರಿಸುತ್ತಾರೆ, ನನ್ನ ಮಾತು ಸುಳ್ಳಾದರೆ ಈ ಮನೆಯಲ್ಲಿ ಮತ್ತೆ ಅವರ ಸುದ್ದಿ ಎತ್ತುವುದಿಲ್ಲ ಎಂದು ಇವಳು ಹೇಳಿ ಬಂದಿದ್ದಳು. ಅವಳ ಮಾತೆಂದರೆ ತನ್ನ ಮುನ್ನೂರೇ ಅಲ್ಲವೇ ಎಂದು ನಾಗನಾಥನಿಗೆ ಹೆದರಿಕೆಯಾಯಿತು. ತನ್ನ ಮಾನ ಹೋದರೆ ಅಂಗಡಿಯಲ್ಲಿ ಮತ್ತೆ ಗಳಿಸಬಹುದು; ತವರಲ್ಲಿ ಹೆಂಡತಿಯ ಮಾತು ಹೋದರೆ ಎಲ್ಲಿಂದ ತರುವುದು?

ಮೇಲೇರಿದಂತೆ ಗಾಳಿ ತೆಳುವಾಗುವುದನ್ನು ಹಿಡಿದು ಎತ್ತರ ಹೇಳುವ ಆಲ್ಟಿಮೀಟರ್ ಎಂಬ ಪುಟ್ಟ ಯಂತ್ರ ಹೈದರಾಬಾದಿನಲ್ಲಿ ಸಿಗುತ್ತದೆಂದು ತಿಳಿಯಿತು. ಹೋಗಿ ನೋಡಿದರೆ ಎರಡು ಬಗೆ. ಒಂದು, ಗಾಜಿನ ಪರದೆಯ ಮೇಲೆ ಅಂಕಿ ತೋರಿಸುವುದು. ಶಾಲೆ ಕಂಡವರೆಲ್ಲ ಓದಬಹುದು. ಇನ್ನೊಂದು ಪೀಂ ಪೀಂ ಎಂದು ಕೂಗಿ ಒಂದೊಂದೇ ಅಂಕಿ ಹೇಳುವುದು; ಸೊನ್ನೆಗೆ ಹತ್ತು ಕೂಗು. ಗುಟ್ಟು ತಿಳಿದವನಿಗಷ್ಟೇ ಅರ್ಥ. ನಾಗನಾಥ ಕೂಗುವುದನ್ನೇ ಕೊಂಡ. ಹಗುರ ಎಂದು ಮನೆಯಲ್ಲಿ ಕಾರಣ ಹೇಳಿದ. ಯಂತ್ರ ಏನೇ ಕೂಗಲಿ, ಅರ್ಥ ಹೇಳುವವನು ತಾನೇ ಅಲ್ಲವೇ ಎಂಬ ನಿಜವಾದ ಕಾರಣವನ್ನು ತನಗೂ ಪೂರ್ತಿ ಹೇಳಿಕೊಳ್ಳಲಿಲ್ಲ. ವಿಜ್ಞಾನಿಯೆಂದರೆ ನೀನೇ ಬಿಡು ಎಂದು ಹಿಂದಿರುಗುವ ಬಸ್ಸಿನಲ್ಲೇ ತನಗೆ ತಾನೇ ಹೇಳಿಕೊಂಡು ನಕ್ಕಿದ್ದ.

ಇನ್ನು ಅದಕ್ಕೆ ಕರೆಂಟು ಕೊಡಬೇಕಲ್ಲ. ಮೊದಲು ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ ಕಟ್ಟಿದ. ಅಡಿಕೆಯಷ್ಟು ಹಗುರ ಯಂತ್ರಕ್ಕೆ ಬದನೆಕಾಯಿಯಷ್ಟು ಭಾರದ ಬ್ಯಾಟರಿ. ರಾಕೆಟ್ ಹುಣಸೆಮರದ ನಡುವಿಗೇ ಸುಸ್ತಾಯಿತು. ಕೈಗಡಿಯಾರದ ಸೆಲ್ ಹಾಕಿದರೆ ಯಂತ್ರ ಕೆಮ್ಮಲೂ ಇಲ್ಲ. ಕಾರಿನ ರಿಮೋಟಿಗೆ ಹಾಕುವ, ಕಿರುಬೆರಳ ಗೆಣ್ಣಿನಷ್ಟಿರುವ ಹನ್ನೆರಡು ವೋಲ್ಟಿನ ಸೆಲ್ಲೇ ಬೇಕು. ಅದಕ್ಕಾಗಿ ಬಸವಕಲ್ಯಾಣವನ್ನೆಲ್ಲ ಜಾಲಾಡಿ, ಕೊನೆಗೆ ಕಳ್ಳನ ಮುಖ ಮಾಡಿಕೊಂಡು ಹುಮನಾಬಾದಿನ ವೀರಭದ್ರನ ಅಂಗಡಿಗೇ ಹೋದ. ಅವನು ಯಾಕೆಂದು ಕೇಳದೆ, ಡಬ್ಬಿಯಲ್ಲಿದ್ದುದರಲ್ಲೇ ಜೋರಾದದ್ದನ್ನು ಮೀಟರಿಗೆ ಹಿಡಿದು ನೋಡಿ ಆರಿಸಿಕೊಟ್ಟ. ನೀರು ಒಳಹೋಗದಂತೆ ನಾಗನಾಥ ಯಂತ್ರಕ್ಕೂ ಸೆಲ್ಲಿಗೂ ಸೇರಿಸಿ ಟೇಪು ಸುತ್ತಿದ, ಮೇಲೆ ಅಂಟು ಬಳಿದ, ಗಾಳಿಯಾಡಲು ಸೂಜಿಯಷ್ಟು ತೂತು ಬಿಟ್ಟ. ಮತ್ತೆ ಬಿಚ್ಚುವುದು ಹೇಗೆಂದು ಮಾತ್ರ ಯೋಚಿಸಲಿಲ್ಲ.

ಎಳ್ಳ ಅಮಾವಾಸ್ಯೆಯ ದಿನ ಹುಮನಾಬಾದಿನ ಹೊಲದಲ್ಲಿ ಬೀಗರೆಲ್ಲ ಭಜ್ಜಿ-ರೊಟ್ಟಿ ಉಂಡು, ಅಂಬಲಿ ಕುಡಿದು ಕಣದ ಸುತ್ತ ಕುಳಿತರು. ನಾಗನಾಥ ಕೀಲು ಬಿಟ್ಟ. ರಾಕೆಟ್ ಬೇವಿನ ಗಿಡವನ್ನು ಸಲೀಸಾಗಿ ದಾಟಿ, ಮುಗಿಲಲ್ಲಿ ಒಂದು ಗಳಿಗೆ ನಿಂತು, ತೊಗರಿಯಲ್ಲಿ ಬಿತ್ತು. ಓಡಿಹೋಗಿ ಎತ್ತಿಕೊಂಡ. ಪೀಂ. ಸುಮ್ಮನಾಯಿತು. ಆಮೇಲೆ ಹತ್ತು. ಆಮೇಲೆ ಎಂಟು. ಮುನ್ನೂರು ಎಂದು ಕೂಗಿಬಿಡಲು ಬಾಯಿ ತೆರೆಯುವಷ್ಟರಲ್ಲಿ ಯಂತ್ರ ಮತ್ತೆ ಮೊದಲಿನಿಂದ ಶುರುಮಾಡಿತು. ಸೆಲ್ ತೆಗೆಯುವ ತನಕ ಹೇಳಿದ್ದನ್ನೇ ಹೇಳುವ ಜಾತಿ ಅದು. ಉಗುರಿನಿಂದ ಕೆರೆದ, ಹಲ್ಲಿನಿಂದ ಕಚ್ಚಿದ. ತಾನೇ ಸುತ್ತಿದ ಟೇಪು ತನಗೇ ಬಿಚ್ಚಲಿಲ್ಲ. ವೀರಭದ್ರನ ಸೆಲ್ಲಿಗೆ ದಣಿವೆಂಬುದೇ ಇರಲಿಲ್ಲ. ಕೂಗುವ ಯಂತ್ರವನ್ನು ಹಿಡಿದೇ ಕಣಕ್ಕೆ ಬಂದ.

ಅತ್ತೆ ಪಾರ್ವತಿಬಾಯಿ ಸೆರಗು ತಲೆಯ ಮೇಲೆ ಎಳೆದುಕೊಂಡು ಎಣಿಸತೊಡಗಿದರು.

"ಲಾಭ."

ಜನ್ಮವೆಲ್ಲ ಕಣದಲ್ಲಿ ರಾಶಿ ಅಳೆಸಿದವರು. ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆ ಮಾತು ಬಿತ್ತೆಂದರೆ ರಾಶಿ ಮುಗಿಯುವ ತನಕ ಯಾರೂ ಬೇರೆ ಮಾತಾಡುವುದಿಲ್ಲ, ಸುಳ್ಳಂತೂ ಆಡುವುದೇ ಇಲ್ಲ. ಕಣದಲ್ಲಿದ್ದವರೆಲ್ಲ ರೂಢಿಯಂತೆ ಚಪ್ಪಲಿ ಬಿಟ್ಟು ಸುಮ್ಮನಾದರು. ಲಾಭ, ಎರಡು, ಮೂರು ಎನ್ನುತ್ತ ಹತ್ತಕ್ಕೆ ಹೋಗಿ, ಮತ್ತೆ ಲಾಭದಿಂದ ಎಂಟಕ್ಕೆ ಬಂದು ಅತ್ತೆ ನಿಲ್ಲಿಸಿದರು. ಇದರ ಅರ್ಥವೇನೆಂದು ಅಳಿಯನನ್ನು ಕೇಳಿದರು. ವಿದ್ಯಾವತಿ ಅವನನ್ನೇ ನೋಡುತ್ತಿದ್ದಳು. ಇಂಥದೊಂದು ಗಳಿಗೆಗೆಂದೇ ಅವನು ಕೂಗುವ ಯಂತ್ರ ಕೊಂಡಿದ್ದ. ಈಗ ಸುಳ್ಳು ಹೇಳಲು ನಾಲಿಗೆ ಏಳಲೊಲ್ಲದು.

"ನೂರಾ ಎಂಟ ಅಡಿ ಅದರಿ ಅತ್ತಿ," ಎಂದ. "ಹತ್ತ ಸಲ ಚೀರಿದ್ರ ಸೊನ್ನಿ."

ನಗೆ ಬರಲಿ ಎಂದು ತಲೆ ತಗ್ಗಿಸಿ ಕಾದ. ಹೆಂಡತಿಯ ಮುಖ ನೋಡುವ ಧೈರ್ಯವಿರಲಿಲ್ಲ. ಯಾರೂ ನಗಲಿಲ್ಲ. ವೀರಭದ್ರ ಕಿವಿ ಕೆರೆದುಕೊಂಡು, "ಅಕ್ಕಾ, ನೀನೇ ಗೆದ್ದಿ," ಎಂದ.

ನಾಗನಾಥನಿಗೆ ತಲೆಬುಡ ತಿಳಿಯಲಿಲ್ಲ. ಹೆಂಡತಿಯನ್ನು ಬಾವಿಯ ಕಡೆ ಕರೆದು, ಇಲ್ಲಿ ಮುನ್ನೂರೆಂದು ಹೇಳಿರಲಿಲ್ಲವೇ ಎಂದು ಕೇಳಿದ.

"ಹ್ಯಾಂಗ ಹೇಳಲಿರಿ?" ಎಂದಳು ವಿದ್ಯಾವತಿ. "ನೂರು ಅಂತ ಹೇಳಿದ್ದೆ. ನೀವು ಏನ ಹೇಳಿದ್ರೂ ಅದರಾಗ ಮೂರನೇ ಪಾಲು ಖರೆ ಇರ್ತದ ಅಂತ ಮದಿವ್ಯಾದ ವರ್ಷಾನೇ ಗೊತ್ತಾಗ್ಯಾದ. ಆದ್ರ ಅಷ್ಟಂತೂ ಖರೆ ಇದ್ದೇ ಇರ್ತದ."

ಹಾಗೆನ್ನುವಾಗ ಅವಳ ಕಣ್ಣಲ್ಲಿ ನೀರಾಡಿತು. ತಾನು ಮುನ್ನೂರೆಂದಿದ್ದರೆ ವೀರಭದ್ರ ನಂಬುತ್ತಿರಲಿಲ್ಲ, ಅದರ ಜೊತೆ ಇವಳ ನೂರೂ ಮುಳುಗುತ್ತಿತ್ತು ಎಂದು ನಾಗನಾಥನಿಗೆ ಹೊಳೆಯಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಎದುರುಗಾಳಿ ಇರದಿದ್ದರೆ ನೂರೈವತ್ತು ಹೋಗುತ್ತಿತ್ತು ಎಂಬ ಮಾತು ತುಟಿಯ ತನಕ ಬಂದಿತ್ತು. ನುಂಗಿಕೊಂಡ, ಹೇಳಿದ್ದರೆ ಅವಳು ಐವತ್ತೆಂದು ಹಿಡಿಯುತ್ತಿದ್ದಳು.