ತವರಿನ ದಬ್ಬಣ

ಆಳಂದದ ದವಾಖಾನೆಯ ಪಡಸಾಲೆಯಲ್ಲಿ ನಿಂಬೆವ್ವನಿಗೆ ಕುಂತಲ್ಲಿ ಕೂರಲಾಗುತ್ತಿರಲಿಲ್ಲ. ಕೊರಳ ಎಡಮಗ್ಗುಲ ಗಂಟು ಈ ದೀಪಾವಳಿಗೆ ಕೀವಾಗಿ ಊದಿತ್ತು. ಒಳಗೇನೋ ಗಟ್ಟಿ ಸಿಕ್ಕಿಕೊಂಡಿದೆ, ಕೊಯ್ದು ತೆಗೆಯಬೇಕು ಎಂದಿದ್ದರು ಸೊಲ್ಲಾಪುರದಿಂದ ಬಂದ ಡಾಕ್ಟರು. ರಜಾಕಾರರ ಹಾವಳಿ ಅಡಗಿ ಎರಡು ತಿಂಗಳೂ ಆಗಿರಲಿಲ್ಲ; ಕಂಡವರೆಲ್ಲ ಬಂದೂಕಿನ ಗುಂಡೇ ಇರಬೇಕೆಂದರು. ನಿಂಬೆವ್ವನೂ ತಲೆಯಾಡಿಸಿದಳು. ಗುಂಡಾದರೆ ಸಾಕೆಂದು ಬೀರಲಿಂಗನಿಗೆ ಹರಕೆಯನ್ನೂ ಹೊತ್ತಳು.

ಗಂಟು ಮಾತ್ರ ಹನ್ನೊಂದು ವರ್ಷದ್ದು. ಏನಾದರೂ ನುಂಗಿದ್ದೆಯಾ ಎಂದು ಡಾಕ್ಟರು ಕೇಳಿದಾಗಿನಿಂದ ಆ ದಿನವೇ ಕಣ್ಣೆದುರು ಸುಳಿಯುತ್ತಿತ್ತು.

ಜಿಡಗಾ ಊರಿನ ಗಂಡನ ಮನೆಯಲ್ಲಿ ಅಂದು ಕಂಬಳಿಯ ಎರಡು ಸೀಳು ಕೂಡಿಸಿ ಹೊಲಿಯುತ್ತಿದ್ದಳು. ನೂಲು ಹೊಸೆಯುವಾಗ ದಬ್ಬಣವನ್ನು ಹಲ್ಲಲ್ಲಿ ಕಚ್ಚಿಕೊಳ್ಳುವುದು ಆ ಮನೆಯ ರೂಢಿ. ಹಿಂದಿನಿಂದ ಟಗರು ಹಾಯ್ದು ಬೋರಲು ಬಿದ್ದಳು; ಬಾಯಿತುಂಬ ರಕ್ತ. ನಾಲಗೆ ಕಚ್ಚಿಕೊಂಡಳೆಂದು ಅತ್ತೆ ಅರಿಶಿನ ಒತ್ತಿದಳು. ಸಂಜೆ ಹುಡುಕಿದರೆ ದಬ್ಬಣವಿಲ್ಲ. ತವರಿನದು, ನೂಲು ಪೋಣಿಸುವ ಕಣ್ಣಿನ ಬಳಿ ಅಪ್ಪ ಅರದಿಂದ ಎರಡು ಗೀರು ಹಾಕಿ ಕೊಟ್ಟದ್ದು. ಹತ್ತಿರ ಕೂತಿದ್ದವಳು ಮೈದುನನ ಹೆಂಡತಿ, ನೆಗೆಣ್ಣಿ ಗಂಗುಬಾಯಿ ಒಬ್ಬಳೇ. ಗುಡಿಯಲ್ಲಿ ದೇವರ ಅರಿಶಿನ ಭಂಡಾರ ಮುಟ್ಟಿ ಆಣೆ ಮಾಡಲೆಂದು ನಿಂಬೆವ್ವ ಪಟ್ಟು ಹಿಡಿದಳು. ಒಂದು ದಬ್ಬಣಕ್ಕೆ ದೇವರನ್ನು ಮುಟ್ಟಲಾರೆ ಎಂದಳು ಗಂಗುಬಾಯಿ. ಮುಟ್ಟದವಳೇ ಕಳ್ಳಿ ಎಂದಾಯಿತು. ಗಂಡನೊಡನೆ ಸೊನ್ನಕ್ಕೆ ಹೋದವಳು ಮತ್ತೆ ಈ ಕಡೆ ಮುಖ ಹಾಕಲಿಲ್ಲ.

ಮರಗಟ್ಟಿಸುವ ಸೂಜಿ ಚುಚ್ಚಿ ಕೊಯ್ಯುವಾಗ ನಿಂಬೆವ್ವ ಕಣ್ಣು ಮುಚ್ಚಲಿಲ್ಲ. ಬಟ್ಟಲಿಗೆ ಏನೋ ಟಣ್ಣೆಂದು ಬಿತ್ತು. ಗುಂಡಲ್ಲ ಎಂದರು ಡಾಕ್ಟರು. ನರ್ಸ್ ಹಮೀದಾಬೇಗಂ ತೊಳೆದು ಕೈಗಿಟ್ಟಳು: ಕಪ್ಪಗಾದ, ಬೆರಳುದ್ದದ ದಬ್ಬಣ. ಉಗುರಿಗೆ ಎರಡು ಗೀರು ತಾಕಿದವು.

ಹೊಲಿಗೆ ಬಿಚ್ಚುವತನಕ ಅವಳು ಹಾಸಿಗೆಯಲ್ಲಿ ಹೊರಳಾಡಿದಳು. ಊರಲ್ಲಿ ಗುಂಡೆಂದೇ ಹೇಳಿದರಾಯಿತು ಎಂದು ಗಂಡ ಖಂಡಪ್ಪ ಸಮಾಧಾನ ಮಾಡಿದ.

"ಭಂಡಾರ ಮುಟ್ಟಿ ಹೇಳ್ತೀರೇನ್ರಿ?" ಎಂದಳು ನಿಂಬೆವ್ವ.

ಅವನು ಬಂಡಿ ಹೂಡಿದ.

ಸೊನ್ನದಲ್ಲಿ ಗಂಗುಬಾಯಿ ಅಂಗಳದಲ್ಲೇ ಕಂಬಳಿ ಹೊಲಿಯುತ್ತಿದ್ದಳು. ಬಾ ಎನ್ನಲಿಲ್ಲ, ಎದ್ದೂ ಹೋಗಲಿಲ್ಲ. ನಿಂಬೆವ್ವ ಸೆರಗಿನ ಗಂಟು ಬಿಚ್ಚಿ, ದಬ್ಬಣವನ್ನೂ ಚಿಟಿಕೆ ಭಂಡಾರವನ್ನೂ ಮುಂದಿಟ್ಟಳು.

"ನನ್ನ ಕೊಳ್ಳಾಗೇ ಇತ್ತು, ಗಂಗೂ. ಆವತ್ತ ನೀ ಮುಟ್ಟಲಿಲ್ಲ, ಇವತ್ತ ನಾ ಮುಟ್ಟತೇನಿ," ಎಂದು ಭಂಡಾರದ ಮೇಲೆ ಕೈಯಿಟ್ಟಳು.

ಗಂಗುಬಾಯಿ ಅವಳ ಕೊರಳ ಗಾಯ ನೋಡಿದಳು.

"ನೀ ನುಂಗಿ ಕುಂತಿ, ಮನಿ ಬಿಟ್ಟ ಹೋದಾಕಿ ನಾ."

ನಿಂಬೆವ್ವ ಕೈ ತೆಗೆಯಲಿಲ್ಲ. ಕೊನೆಗೆ ಗಂಗುಬಾಯಿ ಕಂಬಳಿಯ ಒಂದು ತುದಿಯನ್ನು ಅವಳ ತೊಡೆಗೆ ಎಳೆದು ಹಾಕಿ, ತನ್ನ ದಬ್ಬಣ ಚಾಚಿದಳು.

"ಹಿಡಿ ಅಕ್ಕಾ. ಬಾಯಾಗ ಮಾತ್ರ ಇಟ್ಕೋಬ್ಯಾಡ."