ಮೇಕೆ ಎಲ್ಲಿಗೆ ಹೋಯಿತು

ಪಾಲಿಬೆಟ್ಟದ ಎಸ್ಟೇಟ್ ಶಾಲೆಯಲ್ಲಿ ವಿಮಲಮ್ಮ ನಾಲ್ಕು ವರ್ಷದಿಂದ ಹಂಗಾಮಿ ಟೀಚರು. ಈ ಸಲ ಕಾಯಂ ಆಗದಿದ್ದರೆ ಗಂಟುಮೂಟೆ ಕಟ್ಟಿ ಶನಿವಾರಸಂತೆಯ ಅಣ್ಣನ ಮನೆಗೆ ಹೋಗಿ, ಅತ್ತಿಗೆಯ ಕೈಕೆಳಗೆ ಪಾತ್ರೆ ತೊಳೆಯಬೇಕು. ಅದು ನೆನಪಾದರೆ ಸಾಕು, ಹಾಜರಿ ಪುಸ್ತಕವನ್ನು ಇನ್ನೊಮ್ಮೆ ತಿದ್ದಿಡುತ್ತಿದ್ದಳು.

ಅಂಥ ಹೊತ್ತಿನಲ್ಲೇ ಸರ್ಕಾರಕ್ಕೆ ಮಕ್ಕಳ ಮೇಲೆ ಪ್ರೀತಿ ಉಕ್ಕಿತು. ಸೋಮವಾರ ಶಿಕ್ಷಣ ಇಲಾಖೆಯ ವ್ಯಾನು ಬಂತು. ಕಾಫಿ ಗೋದಾಮಿನ ಕಿಟಕಿಗಳಿಗೆ ಗೋಣಿ ಕಟ್ಟಿ, ಹಾಡಹಗಲೇ ಕತ್ತಲೆ ಮಾಡಿ, ಯಾವುದೋ ದೇಶದ ಗೊಂಬೆ ಸಿನಿಮಾ ತೋರಿಸಿದರು. ಮಾತಿಲ್ಲ, ಕತೆಯಿಲ್ಲ. ಒಂದು ಮೇಕೆ ತಲೆಯ ಮೇಲೆ ಮನೆ ಹೊತ್ತು ನಡೆಯುತ್ತದೆ. ಟೊಪ್ಪಿ ಹಾಕಿದವನೊಬ್ಬ ಹೋದಲ್ಲೆಲ್ಲ ಎದುರಾಗಿ ಇಲ್ಲಿ ಬೇಡವೆಂದು ತಲೆಯಾಡಿಸುತ್ತಾನೆ. ಪ್ರತಿ ಸಲವೂ ಮನೆ ಚಿಕ್ಕದಾಗುತ್ತದೆ. ಕೊನೆಗೆ ಬೆಂಕಿಪೊಟ್ಟಣದಷ್ಟಾದ ಮನೆಯನ್ನು ನಾಲಿಗೆಯಡಿ ಇಟ್ಟುಕೊಂಡು ಮೇಕೆ ಮಂಜಿನೊಳಗೆ ಹೋಗಿಬಿಡುತ್ತದೆ. ಮುಗಿಯಿತು.

ವ್ಯಾನಿನ ಹಿಂದೆಯೇ ಸುತ್ತೋಲೆ: ಗುರುವಾರ ಇನ್ಸ್‌ಪೆಕ್ಟರು ಬರುತ್ತಾರೆ, ಪ್ರತಿ ಮಗುವೂ ಚಿತ್ರದ ನೀತಿಯನ್ನು ಒಂದೇ ವಾಕ್ಯದಲ್ಲಿ ಹೇಳತಕ್ಕದ್ದು. ನೀತಿ ಏನೆಂದು ಸುತ್ತೋಲೆಗೂ ಗೊತ್ತಿರಲಿಲ್ಲ. ವಿಮಲಮ್ಮ ಎರಡು ದಿನ ತಲೆ ಕೆರೆದುಕೊಂಡು, ‘ಹಿರಿಯರು ಹೇಳಿದಂತೆ ಕೇಳಬೇಕು’ ಎಂದು ಮಕ್ಕಳಿಗೆ ಉರುಹೊಡೆಸಿದಳು.

ಗುರುವಾರ ಇನ್ಸ್‌ಪೆಕ್ಟರ್ ಶಿವಶಂಕರಪ್ಪನವರು ಬಂದರು. ಪಕ್ಕದ ಕುರ್ಚಿಯಲ್ಲಿ ಎಸ್ಟೇಟಿನ ಮಾಲೀಕ ಉತ್ತಯ್ಯ. ಮಕ್ಕಳು ನೀತಿಯನ್ನು ಒಂದೇ ದನಿಯಲ್ಲಿ ಕೂಗಿದರು. ಶಿವಶಂಕರಪ್ಪನವರು ಅಷ್ಟಕ್ಕೇ ಎದ್ದಿದ್ದರೆ ಚೆನ್ನಾಗಿತ್ತು. ಚಿತ್ರವನ್ನು ಅವರೂ ನೋಡಿದ್ದರು, ಪಾಪ, ತಲೆಬುಡ ತಿಳಿದಿರಲಿಲ್ಲ.

“ಅದ್ಸರಿ, ಮೇಕೆ ಎಲ್ಲಿಗೆ ಹೋಯ್ತು?”

ಉರುಹೊಡೆಸದ ಪ್ರಶ್ನೆ. ಕೂಲಿಲೈನಿನ ಸಾಲುಮನೆಯ ಹುಡುಗಿ ಮುತ್ತಿ ಎದ್ದು ನಿಂತಳು.

“ಬೇರೆ ಎಸ್ಟೇಟಿಗೆ ಸಾರ್. ಕಾಫಿ ಪಿಕ್ಕಿಂಗ್ ಮುಗೀತಲ್ಲ. ಆ ಟೊಪ್ಪಿಯವ್ರು ಕೂಲಿ ಲೆಕ್ಕ ಬರೆಯೋ ರೈಟರು. ಲೈನ್ ಖಾಲಿ ಮಾಡು ಅಂದ್ರು.”

“ಮನೆ ಯಾಕೆ ಚಿಕ್ಕದಾಯ್ತು?”

“ಒಂದೊಂದ್ಸಲ ಹೋಗುವಾಗ್ಲೂ ಏನಾದ್ರೂ ಬಿಟ್ಟೇ ಹೋಗ್ಬೇಕಲ್ಲ ಸಾರ್. ನಾವು ಕಳೆದ್ಸಲ ಅಜ್ಜೀನ ಬಿಟ್ಟು ಬಂದ್ವಿ.”

ಉತ್ತಯ್ಯನ ಮುಖ ಕೆಂಪಾಯಿತು. “ಏನು ಟೀಚರೇ, ಇದೆಲ್ಲ ನೀವು ಹೇಳ್ಕೊಟ್ಟದ್ದಾ?”

ವಿಮಲಮ್ಮನಿಗೆ ಅತ್ತಿಗೆಯ ಮುಖ ಕಣ್ಣಿಗೆ ಕಟ್ಟಿತು. ಆದರೂ ಹುಡುಗಿಯನ್ನು ಸುಳ್ಳಿ ಎನ್ನಲು ಬಾಯಿ ಬರಲಿಲ್ಲ. “ಇಲ್ಲ ಸಾರ್. ನಂಗೆ ಆ ಸಿನಿಮಾ ಅರ್ಥನೇ ಆಗಿರ್ಲಿಲ್ಲ. ಇವಳು ಹೇಳಿದ್ಮೇಲೇ ಆಗಿದ್ದು.”

ಶಿವಶಂಕರಪ್ಪನವರು ಅವಳ ಮಾತಿನ ಮೊದಲ ಅರ್ಧವನ್ನಷ್ಟೇ ಬರೆದುಕೊಂಡರು.

ತಿಂಗಳೊಳಗೆ ಆದೇಶ ಬಂತು. ‘ಸದರಿ ಚಿತ್ರವು ಮಕ್ಕಳಿಗೆ ಅರ್ಥವಾಗುತ್ತಿರುವುದರಿಂದ ಇನ್ನು ಮುಂದೆ ತೋರಿಸಕೂಡದು. ಉಪಾಧ್ಯಾಯಿನಿಗೆ ಅರ್ಥವಾಗಿಲ್ಲವಾದ್ದರಿಂದ ಅವರನ್ನು ಕಾಯಂ ಮಾಡಲಾಗಿದೆ.’

ವಿಮಲಮ್ಮನಿಗೆ ಕುಣಿಯುವಷ್ಟು ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ಆ ದಿನ ಅವಳು ಮುತ್ತಿಯ ಮುಖ ನೋಡದೆ ಹಾಜರಿ ಕರೆದಳು.